ಅಂಗೈಯ ಗೆರೆ ಕಾಣುವಷ್ಟು ಹೊತ್ತು

ನಮ್ಮ ಮನೆಯಲ್ಲಿ ಗಡಿಯಾರಗಳಿಗೆ ಬರವಿಲ್ಲ. ಪಡಸಾಲೆಯಲ್ಲೊಂದು, ಅಡುಗೆಮನೆಯಲ್ಲೊಂದು, ನಿವೃತ್ತಿಯ ದಿನ ಶಾಲೆಯವರು ಶಾಲಿನ ಜೊತೆಗೆ ಕೊಟ್ಟದ್ದೊಂದು. ಆದರೂ ಸಂಜೆ ತಟ್ಟೆಗೆ ಕೈಹಾಕುವ ಮೊದಲು ನಾನು ಹಿತ್ತಲ ಬಾಗಿಲಿಗೆ ಹೋಗಿ ಎಡಗೈ ಚಾಚಿ ಅಂಗೈ ನೋಡಿಕೊಳ್ಳುತ್ತೇನೆ. ಸೊಸೆ ನಗುತ್ತಾಳೆ. "ಅತ್ತಿ, ಈ ವಯಸ್ಸಿನ್ಯಾಗ ಇನ್ನೇನ ಭವಿಷ್ಯ ನೋಡ್ಕೋತೀರಿ?" ನಗಲಿ ಪಾಪ. ಅವಳಿಗೆ ಅಕ್ಕೋರು ಗೊತ್ತಿಲ್ಲ.

ಮೊನ್ನೆ ರಾಯಬಾಗದಿಂದ ಮಲ್ಲವ್ವನ ಮಗಳು ಫೋನ್ ಮಾಡಿದ್ದಳು. ಮಲ್ಲವ್ವ ಎಂದರೆ ಅಕ್ಕೋರ ಪಕ್ಕದ ಮನೆಯವಳು, ಈಗ ಮುದುಕಿ. ಅಕ್ಕೋರ ಮನೆ ಕೆಡವಿದರು, ಅಲ್ಲಿ ಅಂಗಡಿ ಸಾಲು ಬರುತ್ತದೆ ಎಂದಳು. ನಾನು ಕೇಳಿದ್ದು ಒಂದೇ ಮಾತು: "ಕಟ್ಟೀನೂ ಕಿತ್ತರೇನ?"

"ಅದನ್ನ ಮೊದಲ ಕಿತ್ತರ್ರಿ ಬಾಯಾರ. ಹೊತ್ತು ನೆತ್ತಿಮ್ಯಾಗ ಇರೂತನಾನ ಕಿತ್ತ ಹಾಕ್ರಿ ಅಂತ ನಮ್ಮವ್ವ ಗೌಂಡ್ಯಾರ ಬೆನ್ನ ಹತ್ತಿದ್ಲು."

ನಾನು ನಗಲಿಲ್ಲ. ಮಲ್ಲವ್ವ ಯಾಕೆ ಹಾಗೆ ಹೇಳಿದಳೆಂದು ನನಗೆ ಗೊತ್ತು. ಆ ಕಟ್ಟೆಯ ಮೇಲೆ ಹೊತ್ತು ಊರಿಗಿಂತ ಮೊದಲು ಮುಳುಗುತ್ತಿತ್ತು.

ಎಂಬತ್ತರ ದಶಕದ ನಡುವೆ ನಾನು ನಿಪ್ಪಾಣಿಯಿಂದ ರಾಯಬಾಗದ ಹೈಸ್ಕೂಲಿಗೆ ವಿಜ್ಞಾನ ಕಲಿಸಲು ಬಂದೆ. ಮದುವೆಯಾಗಿರಲಿಲ್ಲ, ಬಾಯಿ ಜೋರು, ಮೂಗಿನ ತುದಿಯಲ್ಲಿ ಸಿಟ್ಟು. ಅಂಥವಳಿಗೆ ಬಾಡಿಗೆ ಮನೆ ಯಾರು ಕೊಡುತ್ತಾರೆ? ಕಡೆಗೆ ಯಾರೋ ಅಕ್ಕೋರ ಮನೆ ತೋರಿಸಿದರು. ನಮ್ಮ ಕಡೆ ಶಾಲೆ ಕಲಿಸುವ ಹೆಂಗಸರಿಗೆಲ್ಲ ಅಕ್ಕೋರು ಎನ್ನುತ್ತಾರೆ. ಆದರೆ ಆ ಓಣಿಯಲ್ಲಿ ಬರೀ ಅಕ್ಕೋರು ಎಂದರೆ ಅವರೊಬ್ಬರೇ; ಹೈಸ್ಕೂಲಿನ ನಾನು ಎಲ್ಲರ ಬಾಯಲ್ಲಿ ಬಾಯಾರು. ಕನ್ನಡ ಪ್ರಾಥಮಿಕ ಶಾಲೆಯಲ್ಲಿ ಊರಿನ ಅರ್ಧ ಮಂದಿಗೆ ಕೈಹಿಡಿದು ಅಕ್ಷರ ತಿದ್ದಿಸಿದವರು. ಜೈನ ಮನೆತನ. ಸಣ್ಣ ವಯಸ್ಸಿನಲ್ಲೇ ಗಂಡ ಹೋಗಿದ್ದ, ಮಕ್ಕಳಿರಲಿಲ್ಲ. ಕಾಗವಾಡದಲ್ಲಿ ದ್ರಾಕ್ಷಿ ತೋಟ ಮಾಡಿಕೊಂಡಿದ್ದ ಒಬ್ಬ ತಮ್ಮ, ಅಷ್ಟೇ ಬಳಗ.

ಮೊದಲ ದಿನವೇ ನನ್ನನ್ನು ಬಾಗಿಲಲ್ಲಿ ನಿಲ್ಲಿಸಿ ಕೇಳಿದರು. "ಉಳ್ಳಾಗಡ್ಡಿ ತಿಂತೀಯೇನ ತಂಗಿ?"

"ತಿಂತೀನ್ರಿ."

"ಸುಳ್ಳ ಹೇಳತೀಯೇನ?"

"ಹೇಳೂದಿಲ್ರಿ. ಹೇಳಾಕ ಬರಂಗಿಲ್ಲ, ಅದಕ ಎಲ್ಲಾರ ಕೂಡ ಜಗಳಾ ಆಗತಾವು."

ಗಟ್ಟಿಯಾಗಿ ನಕ್ಕರು. "ಅಗ ಬಾಯಿ! ಹಂಗಾರ ಒಳಗ ಬಾ. ಉಳ್ಳಾಗಡ್ಡಿ ನಿನ್ನ ಒಲಿಮ್ಯಾಗ ಇರಲಿ, ನನ್ನ ಒಲಿ ಹಂತ್ಯಾಕ ತರಬ್ಯಾಡ."

ಸಣ್ಣಗೆ, ಎತ್ತರಕ್ಕೆ, ತಲೆಯ ಮೇಲೆ ಸೆರಗು ಹೊದ್ದ ಹೆಂಗಸು. ನೀರನ್ನು ಬಿಳಿ ಬಟ್ಟೆಯಲ್ಲಿ ಸೋಸದೆ ಕುಡಿದವರಲ್ಲ. ದೀಪಕ್ಕೆ ಹುಳ ಬಿದ್ದು ಸಾಯಬಾರದೆಂದು ಮನೆಯಲ್ಲಿ ತೆರೆದ ದೀಪ ಇಡುತ್ತಿರಲಿಲ್ಲ, ಗಾಜು ಮುಚ್ಚಿದ ಕಂದೀಲೇ ಆಗಬೇಕು. ಕರೆಂಟು ಇತ್ತು, ಆದರೆ ಬಲ್ಬನ್ನು ಅವರು ನೆಂಟರ ಮಗುವಿನಂತೆ ನೋಡುತ್ತಿದ್ದರು. ಇದ್ದರೆ ಇರಲಿ, ನಂಬುವ ಹಾಗಿಲ್ಲ.

ಹೊತ್ತು ಮುಳುಗಿದ ಮೇಲೆ ಅವರು ಒಂದು ಹನಿ ನೀರೂ ಮುಟ್ಟುತ್ತಿರಲಿಲ್ಲ. ಜೈನರಲ್ಲಿ ಇದು ಹೊಸದೇನಲ್ಲ. ಆದರೆ ಹೊತ್ತು ಮುಳುಗಿತೋ ಇಲ್ಲವೋ ಎಂದು ತಿಳಿಯುವ ದಾರಿ ಅವರದೇ. ತಟ್ಟೆ ಮುಂದಿಟ್ಟುಕೊಂಡು ಕಟ್ಟೆಯ ಮೇಲೆ ಕೂತು ಎಡಗೈ ಚಾಚುತ್ತಿದ್ದರು. ಅಂಗೈಯ ಗೆರೆಗಳು ಹಗಲ ಬೆಳಕಲ್ಲಿ ಕಂಡರೆ ಊಟ. ಕಾಣದಿದ್ದರೆ ತಟ್ಟೆ ಒಳಗೆ ಹೋಯಿತು. ಬೆಳಿಗ್ಗೆಯೂ ಅಷ್ಟೇ, ಗೆರೆ ಕಂಡ ಮೇಲೆ ಬಾಯಿಗೆ ನೀರು. ಅವರಿಗೆ ಏಳೆಂಟು ವರ್ಷವಾಗಿದ್ದಾಗ ಅಪ್ಪ ಹೇಳಿಕೊಟ್ಟದ್ದಂತೆ.

"ಗಡಿಯಾರ ನೋಡ್ರಲಾ ಅಕ್ಕೋರ" ಎಂದು ನಾನು ಕೆಣಕುತ್ತಿದ್ದೆ.

"ಗಡಿಯಾರಕ್ಕ ಕಿಲ್ಲಿ ಕೊಡಾವರು ಯಾರ? ಮಂದಿ. ಹೊತ್ತಿಗೆ ಕಿಲ್ಲಿ ಕೊಡಾವರು ಯಾರ ಹೇಳ ನೋಡೂಣು?"

ನಾನು ಭೂಮಿ ತಿರುಗುವ ಪಾಠ ಶುರುಮಾಡುತ್ತಿದ್ದೆ. ಅವರು ಕೇಳುತ್ತಿರಲಿಲ್ಲ.

ಅವರ ಶಾಲೆಗೂ ನಮ್ಮ ಹೈಸ್ಕೂಲಿಗೂ ನಡುವೆ ಒಂದು ಮೋಟುಗೋಡೆ. ಬಿಡುವಿದ್ದಾಗ ನಾನು ಆ ಗೋಡೆಗೆ ಒರಗಿ ಅವರು ಕಲಿಸುವುದನ್ನು ನೋಡುತ್ತಿದ್ದೆ. ಒಮ್ಮೆ ಮಕ್ಕಳಿಗೆಲ್ಲ ಕಣ್ಣು ಮುಚ್ಚಿಸಿದರು. "ಒಂದು ಬುಗುರಿ ತಿರಗಿ ತಿರಗಿ ಬೀಳೂವಷ್ಟ ಹೊತ್ತಾತು ಅನಿಸಿದ ಕೂಡ್ಲೆ ಕೈ ಎತ್ರಿ" ಎಂದರು. ಲೆಕ್ಕ ಮಾಡದೆ ಬಂದು ಏಟು ತಿನ್ನುವ ಭಯದಲ್ಲಿದ್ದ ಹುಡುಗ ಕಣ್ಣು ಮುಚ್ಚಿದ್ದೇ ತಡ ಕೈ ಎತ್ತಿಬಿಟ್ಟ. ಬಾಯಲ್ಲಿ ಹುಣಸೆಹಣ್ಣಿನ ಚಿಗಳಿ ಇಟ್ಟುಕೊಂಡಿದ್ದ ಒಬ್ಬಳು ಕೈ ಎತ್ತಲೇ ಇಲ್ಲ. ಉಳಿದವರೆಲ್ಲ ಕಣ್ಣು ಬಿಟ್ಟು ಅವಳನ್ನು ನೋಡುತ್ತ ಕಿಸಕ್ಕೆಂದರೂ ಅವಳದು ಇನ್ನೂ ಬುಗುರಿ ತಿರುಗುತ್ತಲೇ ಇತ್ತು.

"ಕಂಡ್ಯಾ ತಂಗಿ?" ಎಂದರು ಗೋಡೆಯ ಕಡೆ ತಿರುಗಿ. "ಹೊತ್ತು ಒಂದ. ಆದ್ರ ಅಂಜಿದವನ ಹೊತ್ತ ಬ್ಯಾರೆ, ಚಿಗಳಿ ಚೀಪಾಕಿ ಹೊತ್ತ ಬ್ಯಾರೆ. ಒಳಗ ಒಬ್ಬಾವ ಕುಂತಿರತಾನ. ಕಣ್ಣು, ಕಿವಿ, ನಾಲಿಗಿ ಏನ ಸುದ್ದಿ ಕೊಡತಾವೋ ಅದನ್ನ ಕೇಳಿ ಅಂವ ಹೊತ್ತ ಅಳಿತಾನ."

ಅಂಥ ಒಬ್ಬ ಒಳಗೆ ಕೂತಿರುವುದಿಲ್ಲ, ಅದು ಮೆದುಳು, ಎಂದು ನಾನು ತಿದ್ದಿದೆ. "ಏನರೆ ಅನ್ನು, ಕುಂತಾನ" ಎಂದರು. ಆ ದಿನ ಅದು ಚೇಷ್ಟೆಯ ಮಾತಾಗಿತ್ತು.

ಅವರು ನಿವೃತ್ತರಾದ ಮಾರನೆಯ ಬೇಸಿಗೆ. ಬಾವಿಯಿಂದ ಕೊಡ ತರುತ್ತಿದ್ದವರು ಅಂಗಳದಲ್ಲಿ ತಲೆ ಹಿಡಿದುಕೊಂಡು ಕೂತರು. ಕೊಡ ಉರುಳಿತು. ಮಲ್ಲವ್ವ ಓಡಿಬಂದು ನೀರು ತಟ್ಟಿದಳು, ಸ್ವಲ್ಪ ಹೊತ್ತಿಗೆ ಎದ್ದರು, ನಕ್ಕರು, ಬಿಸಿಲಿಗೆ ಹಾಗಾಯಿತು ಎಂದರು. ನಾವೂ ಹಾಗೇ ಅಂದುಕೊಂಡೆವು.

ಅದಾಗಿ ಕೆಲವು ದಿನಕ್ಕೆ, ಒಂದು ಶನಿವಾರ. ಬೆಳಗಿನ ಶಾಲೆ ಮುಗಿಸಿ ಮನೆಗೆ ಬಂದರೆ ಬಾಗಿಲು ಹಾಕಿದೆ. ಬಡಿದೆ. ಅಕ್ಕೋರು ಮೈತುಂಬ ಶಾಲು ಹೊದ್ದು ಬಾಗಿಲು ತೆಗೆದರು. ಕೈಯಲ್ಲಿ ಹಚ್ಚಿದ ಕಂದೀಲು. ಹೊತ್ತು ಮುಳುಗಿದ ಮೇಲೆ ಎಲ್ಲರೂ ದನಿ ತಗ್ಗಿಸುತ್ತೇವಲ್ಲ, ಹಾಗೆ ತಗ್ಗಿದ ದನಿಯಲ್ಲಿ ಕೇಳಿದರು. "ಎಲ್ಲಿದ್ದಿ ತಂಗಿ ಇಷ್ಟೊತ್ತನಕಾ? ಕತ್ತಲಾಗಿ ಎಷ್ಟೊತ್ತಾತು. ಒಬ್ಬಾಕೆ ಹುಡಗಿ ಹಿಂಗ ತಿರಗಬಾರದು."

ಅವರ ಬೆನ್ನ ಹಿಂದೆ, ಹಿತ್ತಲ ಬಾಗಿಲಿನಾಚೆ, ಬಿಸಿಲು ಬಿಳಿಯಾಗಿ ಉರಿಯುತ್ತಿತ್ತು.

ಚೇಷ್ಟೆ ಅಂದುಕೊಂಡು ನಕ್ಕೆ. ಅವರು ನಗಲಿಲ್ಲ. ಅವರ ತೋಳಿನ ಕೂದಲು ನಿಮಿರಿದ್ದವು, ಸಂಜೆಯ ತಂಪು ತಾಗಿದವರ ಹಾಗೆ. "ಜೀರುಂಡಿ ಎಷ್ಟ ಒದರತಾವ ನೋಡು" ಎಂದರು. ನಾನು ಕಿವಿಗೊಟ್ಟೆ. ಸಕ್ಕರೆ ಕಾರಖಾನೆಗೆ ಹೋಗುವ ಟ್ರ್ಯಾಕ್ಟರಿನ ಸದ್ದು ಬಿಟ್ಟರೆ ಏನೂ ಇರಲಿಲ್ಲ.

ಅಂದಿನಿಂದ ಅವರ ಹಗಲು ಎರಡೂ ತುದಿಯಿಂದ ಸವೆಯತೊಡಗಿತು. ಬೆಳಿಗ್ಗೆ ಗೆರೆ ಕಾಣುವುದು ತಡ, ಮಧ್ಯಾಹ್ನ ಮಾಯವಾಗುವುದು ಬೇಗ. ಎರಡು ಊಟ ಒಂದಾಯಿತು. ಒಂದು ಊಟ ನಾಲ್ಕು ತುತ್ತಾಯಿತು. ತುತ್ತು ಬಾಯಿಗೆ ಹೋಗುವಾಗಲೇ ಅಂಗೈ ನೋಡಿಕೊಂಡು, "ಮುಳಗಿತು" ಎಂದು ಕೈ ತೊಳೆದುಬಿಡುತ್ತಿದ್ದರು. ನಾನು ನನ್ನ ಕೈಗಡಿಯಾರ ತಂದು ಹಿಡಿದೆ, ರೇಡಿಯೊ ಹಚ್ಚಿದೆ, ಜಗಳವಾಡಿದೆ. ಅವರಿಗೆ ಸಿಟ್ಟೂ ಬರಲಿಲ್ಲ. "ನಿನ್ನ ಗಡಿಯಾರ ತಪ್ಪೈತಿ ತಂಗಿ" ಎಂದು ಸಮಾಧಾನ ಮಾಡಿದರು, ನನಗೇ ಏನೋ ಆಗಿದೆ ಎಂಬಂತೆ.

ಇಷ್ಟರಲ್ಲಿ ಕಟ್ಟೆಯ ಸುದ್ದಿ ಹುಟ್ಟಿತು. ಮಲ್ಲವ್ವ ತನ್ನ ಕೂಸನ್ನು ಮಧ್ಯಾಹ್ನ ಅಕ್ಕೋರ ತೊಡೆಯ ಮೇಲೆ ಬಿಟ್ಟು ಕೆಲಸಕ್ಕೆ ಹೋಗುತ್ತಿದ್ದಳು. ಎಂಥಾ ಹಟಮಾರಿ ಕೂಸು ಅದು, ಆದರೆ ಆ ಕಟ್ಟೆಗೆ ಬಂದರೆ ರಾತ್ರಿಯ ನಿದ್ದೆ ಹೊಡೆಯುತ್ತಿತ್ತು. ಎಬ್ಬಿಸಿದರೆ ಏಳುತ್ತಿರಲಿಲ್ಲ. ಒಂದು ದಿನ ಮಲ್ಲವ್ವನೂ ಕೂತಲ್ಲೇ ತೂಕಡಿಸಿ, ಬೆಚ್ಚಿ ಎದ್ದು, ಎಮ್ಮೆ ಹಿಂಡಲು ಚರಿಗೆ ತೆಗೆದುಕೊಂಡು ಓಡಿದಳಂತೆ. ಮೇಯಲು ಹೋದ ಎಮ್ಮೆ ಇನ್ನೂ ಬಂದಿರಲೇ ಇಲ್ಲ.

"ಬಾಯಾರ, ಆ ಕಟ್ಟೀಮ್ಯಾಲ ಏನೋ ಐತ್ರಿ" ಎಂದಳು ನನಗೆ. "ನಾ ಇನ್ನ ಕೂಸಿನ್ನ ಬಿಡಾಕಿ ಅಲ್ಲ."

"ಏನೂ ಇಲ್ಲ, ನಿನ್ನ ತಲಿ" ಎಂದು ಬೈದು ಕಳಿಸಿದೆ. ಬೈಯುವುದು ಸುಲಭ. ಅದೇ ವಾರ ನಾನೂ ಅಲ್ಲಿ ಕೂತೆ. ಅಕ್ಕೋರು ಎಂದಿನಂತೆ ಶಾಲು ಹೊದ್ದು ಪಿಸುದನಿಯಲ್ಲಿ ಏನೋ ಹಳೆಯ ಮಾತು ಹೇಳುತ್ತಿದ್ದರು. ಉಸಿರು ನಿಧಾನ. ಮಾತಿನ ನಡುವೆ ಉದ್ದನೆಯ ಬಿಡುವು. ನನಗೆ ಆಕಳಿಕೆ ಬಂತು. ಕಾಲು ತಣ್ಣಗಾದವು. ಓಣಿಯ ಸದ್ದೆಲ್ಲ ಹಿಂದೆ ಸರಿದು, ಎಲ್ಲಿಂದಲೋ ಜೀರುಂಡೆಯ ದನಿ ಸಣ್ಣಗೆ ಎದ್ದಿತು. ಎದ್ದು ಒಳಗೆ ಹೋಗಿ ಲೈಟು ಹಾಕಬೇಕು ಅಂದುಕೊಂಡೆ. ಅಷ್ಟರಲ್ಲಿ ಹಾರೂಗೇರಿ ಬಸ್ಸು ಹಾರ್ನ್ ಹೊಡೆಯಿತು. ತಲೆಯೆತ್ತಿದರೆ ಕಣ್ಣಿಗೆ ಬಿಸಿಲು ಚುಚ್ಚಿತು. ಶಾಲೆಯ ಊಟದ ಬಿಡುವು ಇನ್ನೂ ಮುಗಿದಿರಲಿಲ್ಲ. ಅಂದು ಮಧ್ಯಾಹ್ನ ಬೆಳಕಿನ ಪಾಠ ಮಾಡುವಾಗ ಮತ್ತೆ ಮತ್ತೆ ತಿರುಗಿ ಕಿಟಕಿಯಾಚೆಯ ಬಿಸಿಲು ನೋಡಿಕೊಂಡೆ.

ಕಾಗವಾಡದ ತಮ್ಮನಿಗೆ ಹೇಳಿ ಕಳಿಸಿದೆ. ಒಳ್ಳೆಯ ಮನುಷ್ಯ. ಅಕ್ಕನನ್ನು ರೈಲು ಹತ್ತಿಸಿ ಮಿರಜಿಗೆ ಕರೆದುಕೊಂಡು ಹೋದ, ನಾನೂ ಹೋದೆ. ಅಲ್ಲಿನ ಡಾಕ್ಟರು ಕಣ್ಣಿಗೆ ಬ್ಯಾಟರಿ ಬಿಟ್ಟು ನೋಡಿದರು, ಕಣ್ಣು ಚೆನ್ನಾಗಿವೆ ಎಂದರು. ಆಮೇಲೆ ಬೇರೆ ಡಾಕ್ಟರು ಬಂದು ಬಹಳ ಹೊತ್ತು ಕೂತು ಮಾತಾಡಿಸಿ, ನಮ್ಮನ್ನು ಹೊರಗೆ ಕರೆದರು. ಅವರಿಗೆ ನಮ್ಮ ಕಡೆಯ ಕನ್ನಡ ಬರುತ್ತಿತ್ತು.

"ಕಣ್ಣು ಬರೇ ಕಿಡಕಿ. ನೋಡೂದು ಒಳಗಿನ ಕೆಲಸ" ಎಂದರು. "ಆ ಕೊಡ ಉರಳಿದ ದಿನ ತಲ್ಯಾಗ ಒಂದ ಸಣ್ಣ ರಕ್ತನಾಳ ಕಟ್ಟೇತಿ. ಬೆಳಕ ಕಣ್ಣಿಗೆ ಬರತೈತಿ, ಮೆದುಳಿಗೆ ಪೂರಾ ಮುಟ್ಟಂಗಿಲ್ಲ. ಹಗಲು, ಸಂಜಿ ಅನ್ನೂದನ್ನ ಮೆದುಳು ತಾನ ಕಟ್ಟತೈತಿ. ಕಣ್ಣು, ಕಿವಿ, ತೊಗಲು ಎಲ್ಲಾ ಕಡಿಂದ ಸುದ್ದಿ ತಗೊಂಡು. ಇವರದು ಕಣ್ಣಿನ ಸುದ್ದಿ ಒಂದನ್ನ ನಂಬಿ ಉಳದದ್ದೆಲ್ಲಾ ಅದಕ್ಕ ಹೊಂದಿಸಿಕೊಳ್ಳಾಕತ್ತೇತಿ. ಸಂಜಿ ಅಂದಕೂಡ್ಲೆ ಚಳಿ, ನಿದ್ದಿ, ಜೀರುಂಡಿ ಎಲ್ಲಾ ತಾನ ತಂದ ಕೊಡತೈತಿ."

"ಆರಾಮ ಆಗೂದಿಲ್ಲೇನ್ರಿ?"

"ಊಟ ಮಾಡಿಸ್ರಿ. ಉಂಡ್ರ ಬದಕತಾರ. ಇಲ್ಲಾಂದ್ರ ಇಲ್ಲ."

ಒಳಗೆ ಕುಂತಿರುವ ಒಬ್ಬಾವ. ಗೋಡೆಯಾಚೆಯಿಂದ ನಾನು ತಿದ್ದಿದ ಮಾತು. ತಿರುಗಿ ಬರುವ ರೈಲಿನಲ್ಲಿ ನಾನು ಅಕ್ಕೋರ ಮುಖ ನೋಡಲಾರದೆ ಕಬ್ಬಿನ ಹೊಲ ನೋಡುತ್ತ ಕೂತೆ.

ಊಟ ಮಾಡಿಸಿ ಎಂದರೆ ಹೇಗೆ ಮಾಡಿಸುವುದು? ಬದುಕಿಡೀ ಹೊತ್ತು ಮುಳುಗಿದ ಮೇಲೆ ಉಣ್ಣದ ಜೀವ. ಅವರ ಪಾಲಿಗೆ ಈಗ ಯಾವಾಗಲೂ ಹೊತ್ತು ಮುಳುಗಿತ್ತು. ಗಲ್ಲದ ಎಲುಬು ಎದ್ದವು. ನಾನು ಹಾಲು ಹಿಡಿದುಕೊಂಡು ನಿಂತರೆ, "ರಾತ್ರಿ ಯಾರರೆ ಕುಡೀತಾರೇನ?" ಎಂದು ಮುಖ ತಿರುಗಿಸುತ್ತಿದ್ದರು. ಇನ್ನೊಂದು ಕಡೆ ಊರು ತನ್ನದೇ ಅರ್ಥ ಮಾಡಿಕೊಂಡಿತು. ಧರ್ಮದಿಂದ ಬದುಕಿದ ವಯಸ್ಸಾದ ಹೆಂಗಸು ಅನ್ನ ನೀರು ಬಿಡುತ್ತಿದ್ದಾಳೆ ಎಂದರೆ ಜೈನರ ಓಣಿಯಲ್ಲಿ ಒಂದೇ ಅರ್ಥ: ಸಲ್ಲೇಖನ. ಅನ್ನ ನೀರನ್ನು ಹಂತಹಂತವಾಗಿ ತ್ಯಜಿಸಿ, ಶಾಂತವಾಗಿ ಸಾವನ್ನು ಎದುರುಗೊಳ್ಳುವ ವ್ರತ. ಗುರುಗಳ ಅಪ್ಪಣೆ ಇಲ್ಲದೆ ಅದನ್ನು ಹಿಡಿಯುವಂತಿಲ್ಲ. ಆದರೆ ಅಕ್ಕೋರು ಯಾವಾಗಲೋ ಅಪ್ಪಣೆ ಪಡೆದಿರಬೇಕು, ದೊಡ್ಡವರು, ಹೇಳಿಕೊಳ್ಳುವುದಿಲ್ಲ ಎಂದು ಎಲ್ಲರೂ ನಂಬಿದರು. ಹೆಂಗಸರು ಬಂದು ಕಾಲು ಮುಟ್ಟತೊಡಗಿದರು. ಅಥಣಿ ಕಡೆಯಿಂದ, ಕಬ್ಬೂರಿನಿಂದ ಗಾಡಿ ಕಟ್ಟಿಕೊಂಡು ಬಂದರು. ಕಟ್ಟೆಯ ಮುಂದೆ ಹಾಡು ಶುರುವಾಯಿತು.

ನಾನು ತಮ್ಮನನ್ನು ಮೂಲೆಗೆ ಕರೆದು ಜಗಳ ತೆಗೆದೆ. "ಡಾಕ್ಟರ ಹೇಳಿದ್ದ ನೀವೂ ಕೇಳೀರಲ್ರಿ? ಇದು ವ್ರತ ಅಲ್ಲ, ಬ್ಯಾನಿ."

ಅವನ ಕಣ್ಣು ತುಂಬಿದವು. "ಕೇಳೀನ್ರಿ ಬಾಯಾರ. ಆದ್ರ ನಮ್ಮಕ್ಕಗ ಒಳಗ ಏನೈತೋ ನಿಮಗ ಗೊತ್ತೇನು, ನನಗ ಗೊತ್ತೇನು? ಬ್ಯಾನಿ ನೆವ ಮಾಡ್ಕೊಂಡು ಕರೀ ಬಂದಿರಬಹುದು. ನಾ ನಡುವ ಕೈ ಹಾಕಿ ಪಾಪ ಕಟ್ಕೊಳ್ಳಲಿ?"

ಅವನನ್ನು ಬೈಯಲಾಗಲಿಲ್ಲ. ಅಕ್ಕನ ಮೇಲೆ ಜೀವವಿದ್ದವನೇ ಅವನು.

ಆ ದಿನಗಳಲ್ಲಿ ಒಬ್ಬ ಆರ್ಯಿಕಾ ಮಾತಾಜಿ, ಬಿಳಿ ಸೀರೆಯ ಜೈನ ಸನ್ಯಾಸಿನಿ, ಕಾಲ್ನಡಿಗೆಯಲ್ಲಿ ನಿಪ್ಪಾಣಿಯ ಕಡೆ ಹೊರಟವರು ಊರ ಬಸದಿಯಲ್ಲಿ ಇಳಿದಿದ್ದರು. ಮಂದಿ ಅವರನ್ನು ಅಕ್ಕೋರ ಮನೆಗೆ ಕರೆತಂದರು. ಮಧ್ಯಾಹ್ನ. ಕಟ್ಟೆಯ ಮೇಲೆ ತಗಡಿನ ನೆರಳು, ಕೆಳಗೆ ಅಂಗಳದಲ್ಲಿ ಕಾಲಿಡಲಾಗದ ಬಿಸಿಲು. ಹಾಡು ನಿಂತಿತು. ಮಾತಾಜಿ ನವಿಲುಗರಿಯ ಪಿಂಛಿಯಿಂದ ನೆಲ ಮೆಲ್ಲಗೆ ಸವರಿ ಅಕ್ಕೋರ ಎದುರು ಕೂತರು.

"ಅವ್ವಾ, ವ್ರತಾ ಯಾರ ಕಡಿಂದ ತಗೊಂಡಿ?"

"ಯಾವ ವ್ರತಾ ಮಾತಾಜಿ?"

"ಸಲ್ಲೇಖನ."

"ಅಗ ಬಾಯಿ!" ಎಂದರು ಅಕ್ಕೋರು. ಅಷ್ಟು ಸೊರಗಿದ ದೇಹದಿಂದ ಆ ಹಳೆಯ ದನಿ ಬಂದದ್ದು ಕೇಳಿ ಎಲ್ಲರೂ ಬೆಚ್ಚಿದರು. "ನಾ ಎಲ್ಲಿ ತಗೊಂಡೆ? ಅಂಥಾ ಪುಣ್ಯೇವು ನಾ ಎಲ್ಲಿ ಪಡದ ಬಂದೀನಿ? ನನಗ ಹಸಿವಾಗೇತಿ, ಮಾತಾಜಿ. ಭಾಳ ಹಸಿವಾಗೇತಿ. ಬೆಳಕ ಹರೀಲಿ, ಉಣ್ಣೂಣು ಅಂತ ಕುಂತೀನಿ. ಬೆಳಕ ಹರಿಯಂಗ ಇಲ್ಲ. ಇದೆಂಥಾ ರಾತ್ರಿ, ಇಷ್ಟ ಉದ್ದ?"

ತಮ್ಮ ಕಂಬಕ್ಕೆ ಹಣೆ ಒತ್ತಿ ನಿಂತ. ಅಂಗಳದ ತುಂಬ ಹೆಂಗಸರು ಆ ಸುಡುವ ಬಿಸಿಲಲ್ಲಿ ನಿಂತಿದ್ದರು, ಮತ್ತು ಅವರ ನಡುವೆ ಒಬ್ಬಳು ಬೆಳಗಾಗುವುದನ್ನು ಕಾಯುತ್ತ ಹಸಿದು ಕೂತಿದ್ದಳು. ನಾವೆಲ್ಲ ಅವಳಿಗೆ ಹಾಡು ಹೇಳುತ್ತಿದ್ದೆವು.

ನನಗೆ ಸಿಟ್ಟು ನೆತ್ತಿಗೇರಿತು. ಯಾರ ಮೇಲೆ ಎಂದು ಕೇಳಿದರೆ ಹೇಳಲಾರೆ. ಬಹುಶಃ ಅವರೊಳಗೆ ಕೂತಿದ್ದ ಆ ಒಬ್ಬನ ಮೇಲೆ. ನಡುವೆ ನುಗ್ಗಿ ಅಕ್ಕೋರ ಎಡಗೈ ಹಿಡಿದು, ಕಟ್ಟೆಯ ಅಂಚಿನಾಚೆ, ನೆರಳಿನಾಚೆ ಎಳೆದು ಹಿಡಿದೆ.

"ರಾತ್ರಿ ಅಂತೀರಲ್ರಿ ಅಕ್ಕೋರ? ಹಂಗಾರ ಇದೇನ ಹೇಳ್ರಿ!"

ಮೊದಲು ಏನೂ ಆಗಲಿಲ್ಲ. ಕೈ ಬಿಸಿಲಲ್ಲಿ ಬಿದ್ದಿತ್ತು, ಕತ್ತಲಲ್ಲಿ ಮರೆತ ವಸ್ತುವಿನ ಹಾಗೆ. ಆಮೇಲೆ ಬೆರಳು ಅಲುಗಿದವು.

"ಸುಡತೈತಿ" ಎಂದರು.

"ಏನ ಸುಡತೈತ್ರಿ?"

"ಬಿಸಲ." ಅವರ ಮುಖದ ಮೇಲೆ ಬಂದ ಹೆದರಿಕೆಯನ್ನು ನಾನು ಇನ್ನೂ ಮರೆತಿಲ್ಲ. "ತಂಗಿ, ಇಷ್ಟ ಕತ್ತಲದಾಗ ಬಿಸಲ ಎಲ್ಲಿಂದ ಬಂತ?"

ಮಾತಾಜಿ ಮುಂದೆ ಬಾಗಿದರು. "ಬಿಸಲ ಇದ್ದಲ್ಲಿ ಹಗಲ ಐತಿ ಅವ್ವಾ. ಕಣ್ಣಿಗೆ ಅದು ಗೊತ್ತಾಗವಲ್ದು. ತೊಗಲ ಹೇಳಾಕತ್ತೇತಿ. ತೊಗಲಿನ ಸಾಕ್ಷಿ ಸಾಕು. ಉಣ್ಣು."

ಅಕ್ಕೋರು ಬಿಸಿಲಲ್ಲಿ ಬೆರಳು ಮಡಿಸಿ ಬಿಡಿಸಿ ನೋಡಿದರು. ಕೊನೆಗೆ ತಲೆಯಾಡಿಸಿದರು. ತಮ್ಮನೇ ಒಳಗೆ ಓಡಿ ಜೋಳದ ರೊಟ್ಟಿ ಹಾಲಿನಲ್ಲಿ ಮುರಿದು ಹಾಕಿ ತಂದ. ಎಡಗೈಯನ್ನು ಬಿಸಿಲಿಗೆ ಒಡ್ಡಿಕೊಂಡು ಬಲಗೈಯಲ್ಲಿ ತುತ್ತು ಎತ್ತಿದರು. ನಮಗೆ ಅದು ಮಧ್ಯಾಹ್ನದ ಊಟ. ಅವರ ಕಣ್ಣಿಗೆ ಅದು ಕಗ್ಗತ್ತಲು. ಜನ್ಮದಲ್ಲಿ ಮೊದಲ ಸಲ ರಾತ್ರಿಯಲ್ಲಿ ಉಣ್ಣುತ್ತಿದ್ದರು ಅವರು, ಬರೀ ಅಂಗೈಯ ಉರಿಯನ್ನು ನಂಬಿ. ಅತ್ತುಕೊಂಡೇ ಉಂಡರು, ತಟ್ಟೆ ಬರಿದಾಗುವ ತನಕ.

ಹಾಗೆ ಬದುಕಿದರು, ಎಷ್ಟೋ ವರ್ಷ. ಮೈಯಲ್ಲಿ ಕಸುವು ಬಂತು, ಚೇಷ್ಟೆಯೂ ತಿರುಗಿ ಬಂತು. ಬೆಳಕು ಮಾತ್ರ ಬರಲಿಲ್ಲ. ದಿನಾ ಕಟ್ಟೆಯ ಅಂಚಿಗೆ ಕೂತು, ಭಿಕ್ಷೆ ಬೇಡುವವರಂತೆ ಎಡಗೈ ಬಿಸಿಲಿಗೆ ಚಾಚಿ ಉಣ್ಣುತ್ತಿದ್ದರು. ಬಲ್ಲವರು ತಲೆ ತಗ್ಗಿಸಿ ಹೋಗುತ್ತಿದ್ದರು. ಅರಿಯದವರು ಹೆದರಿ ಆಚೆ ಬದಿಗೆ ದಾಟುತ್ತಿದ್ದರು. ತೊಂಬತ್ತರ ದಶಕ ಬಂದು ಓಣಿಯಲ್ಲಿ ಟಿವಿ ಹಾಡತೊಡಗಿದರೂ ಆ ಕಟ್ಟೆಯ ಮೇಲೆ ಮಧ್ಯಾಹ್ನ ಮಕ್ಕಳು ಆಡುತ್ತಿರಲಿಲ್ಲ.

ತೊಂದರೆ ಇದ್ದದ್ದು ಮೋಡದ ದಿನಗಳಲ್ಲಿ. ಮಳೆಗಾಲದಲ್ಲಿ ಅಂಗೈಗೆ ಬಿಸಿ ತಾಗುವುದಿಲ್ಲವಲ್ಲ. ಆಗ ನನ್ನನ್ನು ಕರೆದರು. "ನನ್ನ ಕಣ್ಣ ಕೈ ಕೊಟ್ಟಾವು. ಮೋಡ ಕವದ ದಿನಾ ನಿನ್ನ ಕಣ್ಣ ಕೊಡು. ನಿನ್ನ ಅಂಗೈ ನೋಡ್ಕೊಂಡು ಗೆರಿ ಕಾಣತಾವಂದ್ರ ಕಾಣತಾವನ್ನು, ಇಲ್ಲಂದ್ರ ಇಲ್ಲನ್ನು. ಮುದುಕಿ ಹಸದಾಳು ಅಂತ ಸುಳ್ಳ ಹೇಳಿದ್ರ ನನ್ನಾಣಿ."

"ಮಲ್ಲವ್ವಗ ಕೇಳ್ರಲಾ, ಬಾಜೂಕ ಇರತಾಳ."

"ಮಲ್ಲವ್ವನ ಕರಳ ಭಾಳ ಮೆತ್ತಗ. ಅಮಾಸಿ ರಾತ್ರ್ಯಾಗೂ ಗೆರಿ ಕಾಣತಾವು ಅಂತಾಳ. ನಿಂದು ಬಾಯಿ ಕೆಟ್ಟದ, ಅದಕ ನಂಬಿಗಿ."

ಮದುವೆಯಾಗಿ ಚಿಕ್ಕೋಡಿಗೆ ಹೋದ ಮೇಲೂ ನಾನು ಅದೇ ಶಾಲೆಗೆ ಬಸ್ಸಿನಲ್ಲಿ ಬಂದು ಹೋಗುತ್ತಿದ್ದೆ. ಮೋಡ ಕವಿದ ದಿನ ಊಟದ ಬಿಡುವಿಗೆ ಕಟ್ಟೆಗೆ ಓಡುತ್ತಿದ್ದೆ. ಅಂಗೈ ಚಾಚಿ, ನೋಡಿ, "ಕಾಣತಾವ್ರಿ ಅಕ್ಕೋರ" ಎನ್ನುತ್ತಿದ್ದೆ. ಅವರು ಉಣ್ಣುತ್ತಿದ್ದರು. ನನ್ನ ಮಾತೊಂದನ್ನು ಹಿಡಿದು ಕತ್ತಲಲ್ಲಿ ಉಣ್ಣುತ್ತಿದ್ದರು. ಯಾರೂ ನನ್ನನ್ನು ಅಷ್ಟು ನಂಬಿದ್ದಿಲ್ಲ, ಗಂಡನೂ ಸೇರಿ.

ಕಡೆಗೊಂದು ವರ್ಷ, ಮೆಣಸಿನಕಾಯಿ ಒಣಹಾಕುವ ದಿನಗಳಲ್ಲಿ ಅವರು ಹಾಸಿಗೆ ಹಿಡಿದರು. ಜ್ವರ. ಒಳಕೋಣೆಯಲ್ಲಿ ಮಲಗಿಸಿದ್ದರು, ಕಟ್ಟೆಗೆ ತರುವ ಹಾಗಿರಲಿಲ್ಲ. ನಾನು ರಜೆ ಹಾಕಿ ಬಂದಿದ್ದೆ. ಅಂದು ಮಿರಜಿನ ಮಧ್ಯಾಹ್ನದ ಗಾಡಿ ಸ್ಟೇಷನ್ನಿನಿಂದ ಹೊರಟ ಕೂಗು ಕೇಳಿ ಸ್ವಲ್ಪ ಹೊತ್ತಾಗಿತ್ತು. ತಮ್ಮ ಡಾಕ್ಟರನ್ನು ಕರೆಯಲು ಹೋಗಿದ್ದ. ಸೋಸಿದ ನೀರು ಬಟ್ಟಲಲ್ಲಿ ಹಿಡಿದು ಚಮಚ ಅವರ ತುಟಿಯ ಹತ್ತಿರ ಒಯ್ದೆ.

ತುಟಿ ಬಿಗಿದರು. "ಮೊದಲ ಗೆರಿ ನೋಡು."

ಕಿಟಕಿಯ ಕಡೆ ಎಡಗೈ ಚಾಚಿದೆ. ನೋಡಿದೆ. ಗೆರೆಗಳಿರಲಿಲ್ಲ.

ಕಣ್ಣೀರು ಬಂದಿರಬೇಕು ಎನ್ನುತ್ತೀರಿ. ನನ್ನ ಕಣ್ಣು ಒಣಗಿದ್ದವು. ಉಜ್ಜಿಕೊಂಡು ಮತ್ತೆ ನೋಡಿದೆ. ಕೈ ಇತ್ತು, ಬೆರಳುಗಳ ಅಂಚು ಇತ್ತು, ನಡುವೆ ಅಂಗೈ ಬರೀ ಬೂದು ಬಣ್ಣ, ದೀಪ ಹಚ್ಚುವ ಹೊತ್ತಿನ ಬಣ್ಣ. ಕೋಣೆಯ ಮೂಲೆಗಳು ಆಗಲೇ ಕಾಣುತ್ತಿರಲಿಲ್ಲ. ಕಾಲು ತಣ್ಣಗಾದವು. 'ಕಾಣುತ್ತವೆ ಅಂದುಬಿಡು' ಎಂದಿತು ಮನಸ್ಸು. ಒಂದು ಚಮಚ ನೀರು, ಅಷ್ಟೇ. ಆದರೆ ಆ ಮುಖ ನನ್ನ ಕಡೆ ತಿರುಗಿತ್ತು. ಬದುಕಿಡೀ ಮುರಿಯದ ಒಂದು ಮಾತನ್ನು ನನ್ನ ಕೈಯಲ್ಲಿಟ್ಟು ಕಾಯುತ್ತಿತ್ತು.

"ಇಲ್ರಿ ಅಕ್ಕೋರ" ಎಂದೆ. "ಕಾಣವಲ್ಲವು."

ಅವರ ಹಣೆಯ ಗಂಟು ಸಡಿಲವಾಯಿತು. "ನನಗೂ" ಎಂದರು, ತೀರ ಮೆಲ್ಲಗೆ. "ಇಷ್ಟ ವರ್ಷ ನಾ ಒಬ್ಬಾಕೆ ಇದ್ನಿ ತಂಗಿ ಈ ಹೊತ್ತಿನ್ಯಾಗ. ಇವತ್ತ ನೀನೂ ಬಂದಿ." ನನ್ನ ಅಂಗೈಯನ್ನು ಹುಡುಕಿ ಹಿಡಿದುಕೊಂಡರು. ಹೊರಗೆ ಜೀರುಂಡೆಗಳು ಕೂಗುತ್ತಿದ್ದವು. ನಾನು ಕೇಳಿದೆ, ಅವರೂ ಕೇಳಿದರು. ಆ ಕೂಗಿನ ನಡುವೆ ಎಲ್ಲೋ ಅವರ ಉಸಿರು ನಿಂತಿತು.

ಬಟ್ಟಲು ಕೆಳಗಿಟ್ಟೆ. ತಡವುತ್ತ ಎದ್ದು, ಗೂಡಿನಲ್ಲಿದ್ದ ಕಂದೀಲು ಹಚ್ಚಿ ಗಾಜು ಮುಚ್ಚಿದೆ. ಮಲ್ಲವ್ವನನ್ನು ಕರೆಯಬೇಕಿತ್ತು. ಕಂದೀಲು ಎತ್ತಿ ಹಿಡಿದು, ಮೆಟ್ಟಿಲು ಎಡವದಂತೆ ನೋಡಿಕೊಂಡು ಕಟ್ಟೆ ಇಳಿದು ಅಂಗಳಕ್ಕೆ ಬಂದೆ.

"ಬಾಯಾರ?" ಮಲ್ಲವ್ವನ ದನಿ ಹತ್ತಿರದಲ್ಲೇ ಇತ್ತು, ನಡುಗುತ್ತಿತ್ತು. "ಮಟಮಟ ಮಧ್ಯಾಹ್ನದಾಗ ಕಂದೀಲ ಯಾಕ ಹಿಡದೀರಿ?"

ಮೊದಲು ಒಣಹಾಕಿದ ಮೆಣಸಿನಕಾಯಿಯ ಘಾಟು ಬಂತು. ಆಮೇಲೆ ಅಂಗಾಲು ಸುಟ್ಟಿತು. ಕಣ್ಣಿಗೆ ಬಿಸಿಲು ಬಂದದ್ದು ಎಲ್ಲಕ್ಕಿಂತ ಕೊನೆಗೆ.